ಎತ್ತರದ ಸರೋವರದಲ್ಲಿ ಏದುಸಿರು ಬಿಟ್ಟ ದೋಣಿ

ನನ್ನ ತರಗತಿಯಲ್ಲಿ ಕುಳಿತು ಹೋದವರಾರೂ 76 ಎಂಬ ಸಂಖ್ಯೆಯನ್ನು ಮರೆತಿರಲಾರರು. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡ 76 ಸೆಂಟಿಮೀಟರ್ ಪಾದರಸದ ಕಂಬಕ್ಕೆ ಸಮ ಎಂದು ಕಪ್ಪುಹಲಗೆಯ ಮೇಲೆ ಬರೆದು, ನೀವೂ ಬರೆದುಕೊಂಡು, ಪರೀಕ್ಷೆಯಲ್ಲಿ ಎರಡು ಅಂಕ ಗಳಿಸಿ, ಅನಂತರ ಅದರ ಸಹವಾಸ ಬಿಟ್ಟವರೇ ಹೆಚ್ಚು. ಅದೇ 76 ಕೆಲವು ವರ್ಷಗಳ ಹಿಂದೆ ಅಮೆರಿಕದ ಒಂದು ಬೆಟ್ಟದ ಸರೋವರದಲ್ಲಿ 60ಕ್ಕೆ ಇಳಿದು, ನಮ್ಮವನೊಬ್ಬನ ಕುಟುಂಬವನ್ನು ನೀರಿನ ನಡುವೆ ಇಕ್ಕಟ್ಟಿಗೆ ಸಿಲುಕಿಸಿದ ಕತೆಯನ್ನು ಹೇಳಬೇಕೆಂದಿದ್ದೇನೆ. ಕತೆಯೆಂದರೆ ಕತೆಯಲ್ಲ, ಅರ್ಧಕ್ಕಿಂತ ಹೆಚ್ಚು ಲೆಕ್ಕ. ಲೆಕ್ಕವೆಂದರೆ ತಲೆನೋವು ಬರುವ ಬಂಧುಗಳು ನಡುವಿನ ಎರಡು ಪ್ಯಾರಾಗಳನ್ನು ಹಾರಿಸಿಬಿಟ್ಟರೂ ನನಗೆ ಬೇಸರವಿಲ್ಲ.

ಶಿಷ್ಯನ ಹೆಸರು ಬೇಡ. ಕ್ಯಾಲಿಫೋರ್ನಿಯದ ಸ್ಟಾಕ್ಟನ್ ನಗರದ ಸಮೀಪದಲ್ಲಿದ್ದಾನೆ. ಅಲ್ಲಿ ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕೀನ್ ನದಿಗಳು ಕೂಡಿ ನೂರಾರು ಮೈಲಿಗಳ ಕಾಲುವೆಗಳಾಗಿ ಹರಡಿಕೊಂಡಿರುವ ಮುಖಜಭೂಮಿಯಿದೆ. ಎಲ್ಲವೂ ಹೆಚ್ಚುಕಡಿಮೆ ಸಮುದ್ರಮಟ್ಟವೇ. 1970ರ ದಶಕದಲ್ಲಿ ತಯಾರಾದ, ಕಾರಿನ ದೊಡ್ಡ ವಿ-8 ಎಂಜಿನನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಹಳೆಯ ಜೆಟ್ ದೋಣಿಯೊಂದನ್ನು ಆತ ಅಗ್ಗಕ್ಕೆ ಕೊಂಡು, ತಾನೇ ಬಿಚ್ಚಿ ಜೋಡಿಸಿ, ಆ ಕಾಲುವೆಗಳಲ್ಲಿ ಓಡಿಸುತ್ತಿದ್ದ. 2023ರ ಜುಲೈನಲ್ಲಿ ಊರಿನಿಂದ ಬಂದಿದ್ದ ತಂದೆತಾಯಿಯರಿಗೆ ತಾಹೋ ಸರೋವರವನ್ನು ತೋರಿಸಬೇಕೆಂದು ದೋಣಿಯನ್ನು ಕಾರಿನ ಹಿಂದೆ ಕಟ್ಟಿಕೊಂಡು ಸಿಯೆರಾ ನೆವಾಡ ಪರ್ವತಗಳನ್ನು ಹತ್ತಿದ. ತಾಹೋ ಇರುವುದು ಸಮುದ್ರಮಟ್ಟದಿಂದ ಸುಮಾರು 1,897 ಮೀಟರ್ ಎತ್ತರದಲ್ಲಿ. ಉದ್ದ 35 ಕಿಲೋಮೀಟರ್, ಅಗಲ 19, ಆಳ 501 ಮೀಟರ್. ನಮ್ಮ ಜೋಗದಂತಹ ಎರಡು ಜಲಪಾತಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ತಲೆಯ ತುದಿಯಷ್ಟೇ ಹೊರಗೆ ಕಂಡೀತು!

ದೋಣಿಯಲ್ಲಿ ಏಳು ಜನ. ಭರ್ತಿ ಪೆಟ್ರೋಲು. ತಿಂಡಿಯ ಪೆಟ್ಟಿಗೆ ಬೇರೆ. ಎಮರಾಲ್ಡ್ ಕೊಲ್ಲಿಯ ಕಡೆಗೆ ಹೊರಟಾಗ ದೋಣಿ ಮೂತಿಯನ್ನು ಮೇಲೆತ್ತಿ, ಹಿಂಭಾಗವನ್ನು ನೀರಿಗೆ ಊರಿ, ಗರ್ಭಿಣಿ ಎಮ್ಮೆಯಂತೆ ತೆವಳತೊಡಗಿತು. ಊರಬಳಿಯ ಕಾಲುವೆಯಲ್ಲಿ ನಾಲ್ಕೈದು ಸೆಕೆಂಡುಗಳಲ್ಲಿ ನೀರಿನ ಮೇಲೇರಿ ಜಾರುತ್ತಿದ್ದ ಅದೇ ದೋಣಿ ಇಲ್ಲಿ ಮೇಲೇರಲೇ ಇಲ್ಲ. ಮಧ್ಯಾಹ್ನವಾಗುತ್ತಲೇ ನೈಋತ್ಯದ ಗಾಳಿ ಎದ್ದಿತು. ಅದು ಆ ಸರೋವರದ ನಿತ್ಯದ ಪದ್ಧತಿ. ಹಿಂಬದಿಯ ತಗ್ಗಾದ ಅಂಚಿನಿಂದ ಎರಡು ಬಾರಿ ಅಲೆ ಒಳನುಗ್ಗಿತಂತೆ. ಬೇಸಿಗೆಯಲ್ಲೂ ಆ ನೀರು ಮೈ ಮರಗಟ್ಟಿಸುವಂಥದು. ಅರ್ಧ ಗಂಟೆಯಲ್ಲಿ ಮುಗಿಯಬೇಕಿದ್ದ ಮರುಪಯಣಕ್ಕೆ ಎರಡು ಗಂಟೆ ಹಿಡಿಯಿತು. ಅವನ ತಂದೆ ನನಗೆ ಬಹುಕಾಲದ ಪರಿಚಿತರು. ಅಂದು ರಾತ್ರಿ ದೂರವಾಣಿಯಲ್ಲಿ ಅವರು ಹೇಳಿದ್ದು ಇಷ್ಟೇ: "ಮೇಷ್ಟ್ರೇ, ಎಂಜಿನ್ನು ಕೂಗುತ್ತಿತ್ತು, ದೋಣಿ ಹೋಗುತ್ತಿರಲಿಲ್ಲ."

ಮಗ ಮರುದಿನವೇ ಒಬ್ಬ ಯಂತ್ರಕರ್ಮಿಯನ್ನು ವಿಚಾರಿಸಿದ. ಇನ್ನೂ ದೊಡ್ಡ ಎಂಜಿನ್ ಹಾಕಿಸು ಎಂಬ ಸಲಹೆ ಬಂತು. ಖರ್ಚು ಸಾವಿರಗಟ್ಟಲೆ ಡಾಲರು. ಸೊಸೆಗೆ ಒಪ್ಪಿಗೆಯಿಲ್ಲ, ತಾಯಿಗೆ ದೋಣಿಯನ್ನೇ ಮಾರಿಬಿಡಲಿ ಎಂಬ ಆಸೆ, ತಂದೆಗೆ ಮಾತ್ರ, ಊರಿಗೆ ಮರಳುವ ಮುನ್ನ ಆ ಕೊಲ್ಲಿಯನ್ನು ಒಮ್ಮೆ ಕಾಣಬೇಕೆಂಬ ಹಟ. ಉಳಿದದ್ದು ಐದು ವಾರ. ಆಗ ನನಗೆ ಕರೆ ಬಂತು.

ಜೆಟ್ ದೋಣಿಯೆಂದರೇನೆಂದು ತಿಳಿಯದವರಿಗೆ ಒಂದು ಮಾತು. ಇದಕ್ಕೆ ನೀರಿನೊಳಗೆ ಚಾಚಿಕೊಂಡ ಪಂಖವಿಲ್ಲ. ದೋಣಿಯ ತಳದ ಕಿಂಡಿಯಿಂದ ನೀರನ್ನು ಹೀರಿ, ಒಳಗಿನ ಪಂಪಿನಲ್ಲಿ ಇಂಪೆಲ್ಲರ್ ಎಂಬ ತಿರುಗುಚಕ್ರದಿಂದ ಒತ್ತಿ, ಹಿಂದಿನ ಮೂತಿಯಿಂದ ಜೋರಾಗಿ ಉಗುಳುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ದೋಣಿ ಮುಂದಕ್ಕೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಎಂಬಾತ ತನ್ನ ಸೀಮೆಯ ಆಳವಿಲ್ಲದ ಕಲ್ಲುನದಿಗಳಲ್ಲಿ ಓಡಾಡಲೆಂದು 1950ರ ದಶಕದಲ್ಲಿ ಇದನ್ನು ಪಳಗಿಸಿದ. ಉಗುಳುವ ಮೂತಿಯನ್ನು ನೀರಿನ ಮಟ್ಟದಿಂದ ಮೇಲಕ್ಕೆ ತಂದದ್ದು ಅವನ ದೊಡ್ಡ ಜಾಣ್ಮೆ. ಈ ದೋಣಿಗೆ ಚುಕ್ಕಾಣಿಯೂ ಬೇರೆಯಿಲ್ಲ; ನೀರಿನ ಧಾರೆಯನ್ನು ಎಡಬಲಕ್ಕೆ ತಿರುಗಿಸುವುದೇ ಚುಕ್ಕಾಣಿ. ಧಾರೆ ದುರ್ಬಲವಾದರೆ ವೇಗ ಮಾತ್ರವಲ್ಲ, ತಿರುಗುವ ಹತೋಟಿಯೂ ತಗ್ಗುತ್ತದೆ. ಅಲೆಯೆದ್ದ ಸರೋವರದಲ್ಲಿ ಇದು ಸಣ್ಣ ವಿಷಯವಲ್ಲ.

ಇನ್ನು ಲೆಕ್ಕ. ಎಂಜಿನ್ನಿಗೆ ಅನ್ನ ಪೆಟ್ರೋಲಾದರೆ ಉಸಿರು ಗಾಳಿ. ಪೆಟ್ರೋಲನ್ನು ಎಷ್ಟಾದರೂ ಸುರಿಯಬಹುದು. ಉರಿಸಲು ಬೇಕಾದ ಆಮ್ಲಜನಕವನ್ನು ಸಿಲಿಂಡರು ತಾನೇ ಹೀರಬೇಕು. ಪ್ರತಿ ಹೀರಿನಲ್ಲೂ ಒಳಬರುವ ಗಾಳಿಯ ಗಾತ್ರ ಎಲ್ಲಿಯೂ ಒಂದೇ, ತೂಕ ಮಾತ್ರ ಒಂದೇ ಅಲ್ಲ. ತಾಹೋದಲ್ಲಿ ಪಾದರಸದ ಕಂಬ 76ರಿಂದ ಸುಮಾರು 60ಕ್ಕೆ ಇಳಿಯುವುದರಿಂದ, ಉಷ್ಣತೆ ಒಂದೇ ಇದ್ದರೆ ಗಾಳಿಯ ಸಾಂದ್ರತೆ ಶೇ. 20ರಷ್ಟು ಕಡಿಮೆ. ಹಾಗಾದರೆ 300 ಅಶ್ವಶಕ್ತಿಯ ಎಂಜಿನ್ 240 ಕೊಡಬೇಕಷ್ಟೆ? ಕೊಡುವುದಿಲ್ಲ! ಇಲ್ಲಿಯೇ ಸ್ವಾರಸ್ಯವಿರುವುದು. ಪಂಪನ್ನು ತಿರುಗಿಸಲು ಬೇಕಾದ ತಿರುಚುಬಲವು ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂಜಿನ್ನಿನ ತಿರುಚುಬಲ ಗಾಳಿಯೊಂದಿಗೆ 100ರಿಂದ 80ಕ್ಕೆ ಇಳಿದರೆ, ಪಂಪು ಮತ್ತು ಎಂಜಿನ್ ರಾಜಿಯಾಗುವ ವೇಗ 80ರ ವರ್ಗಮೂಲದಂತೆ ಇಳಿಯುತ್ತದೆ. ಅಂದರೆ ಊರಿನಲ್ಲಿ ನಿಮಿಷಕ್ಕೆ 4,500 ಸುತ್ತು ತಿರುಗುತ್ತಿದ್ದದ್ದು ಇಲ್ಲಿ ಸುಮಾರು 4,000ಕ್ಕೆ ಬಂದು ನಿಲ್ಲುತ್ತದೆ. ಬಲವೂ ಕಡಿಮೆ, ಸುತ್ತೂ ಕಡಿಮೆ. ಎರಡನ್ನೂ ಗುಣಿಸಿದರೆ ಕೈಗೆ ದಕ್ಕುವುದು 240 ಅಲ್ಲ, 215ರ ಆಸುಪಾಸು. ನೀರಿನ ನೂಕುಬಲ ಶೇ. 20ರಷ್ಟು ಕುಸಿಯುತ್ತದೆ. ಗಾಳಿ ಒಮ್ಮೆ ಕಸಿದುಕೊಂಡದ್ದರ ಮೇಲೆ, ಸುತ್ತಿನ ಇಳಿತ ಎರಡನೆಯ ಬಾರಿ ಕಸಿದುಕೊಂಡಿತು. ಎಂಜಿನ್ನಿನ ತಿರುಚುಬಲ ಎಲ್ಲ ವೇಗಗಳಲ್ಲೂ ಸಮಾನವೆಂದು ಹಿಡಿದು ಮಾಡಿದ ಸ್ಥೂಲ ಲೆಕ್ಕವಿದು. ನಿಜವಾದ ಎಂಜಿನ್ನುಗಳು ಸ್ವಲ್ಪ ಆಚೀಚೆ ಆಡುತ್ತವೆ.

ಶೇ. 20 ಹೋದರೆ ದೋಣಿ ಶೇ. 20ರಷ್ಟು ನಿಧಾನವಾಗಬೇಕಲ್ಲವೇ, ತೆವಳುವುದೇಕೆ? ವೇಗದ ದೋಣಿ ಮೊದಲು ನೀರನ್ನು ಸೀಳಿಕೊಂಡು ಸಾಗುತ್ತದೆ. ಒಂದು ಹಂತ ದಾಟಿದ ಮೇಲೆ ನೀರಿನ ಮೇಲೇರಿ ಜಾರುತ್ತದೆ. ಇವೆರಡರ ನಡುವೆ ಒಂದು ದಿಬ್ಬವಿದೆಯೆನ್ನಿ. ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾದ ದಿಬ್ಬ. ಅದನ್ನು ಹತ್ತುವಷ್ಟು ನೂಕುಬಲವಿದ್ದರೆ ಅತ್ತಕಡೆ ಸುಖ. ಕೂದಲೆಳೆಯಷ್ಟು ಸಾಲದಿದ್ದರೂ ಇತ್ತಕಡೆಯೇ ಸೆರೆ. ಊರಿನಲ್ಲಿ ನಾಲ್ವರನ್ನು ಹೊತ್ತು ಸಲೀಸಾಗಿ ದಾಟುತ್ತಿದ್ದ ದೋಣಿ, ಇಲ್ಲಿ ಏಳು ಜನರನ್ನು ಹೊತ್ತು ದಿಬ್ಬದ ಬುಡದಲ್ಲಿಯೇ ಕುಳಿತುಬಿಟ್ಟಿತ್ತು.

ನಾನು ಅವನನ್ನು ಕೇಳಿದ ಮೊದಲ ಪ್ರಶ್ನೆ, ಸುತ್ತು ತೋರಿಸುವ ಮಾಪಕ ಏನು ಹೇಳುತ್ತಿತ್ತು ಎಂಬುದು. ಶಿಷ್ಯ ಜಾಣ, ನೋಡಿಟ್ಟುಕೊಂಡಿದ್ದ. ತೆವಳುವಾಗ 4,000. ಆದರೆ ನಿಂತಲ್ಲಿಂದ ಒಮ್ಮೆಲೇ ಪೂರ್ತಿ ಬಲ ಕೊಟ್ಟಾಗ ಮುಳ್ಳು 4,600ರವರೆಗೆ ಹಾರಿ, ಜಲ್ಲಿಕಲ್ಲು ಅಲುಗಾಡಿಸಿದಂಥ ಸದ್ದು ಬಂದು, ಮತ್ತೆ ಇಳಿಯುತ್ತಿತ್ತು. ಅವನ ತಂದೆ ಹೇಳಿದ ಕೂಗು ಇದೇ. ಹಾಗಾದರೆ ರೋಗ ಒಂದಲ್ಲ, ಎರಡು. ಸುತ್ತು ಇಳಿದು ದೋಣಿ ನಿಧಾನವಾದರೆ ಉಸಿರಿನ ಕೊರತೆ. ಸುತ್ತು ಏರಿಯೂ ದೋಣಿ ನೂಕದಿದ್ದರೆ ಪಂಪಿನ ಕೊರತೆ.

ಪಂಪಿನ ಕೊರತೆಯನ್ನು ತೋಟವಿರುವ ನಮ್ಮ ಬಂಧುಗಳು ಕೂಡಲೇ ಹಿಡಿಯುತ್ತಾರೆ. ಬಾವಿಯ ಮೇಲಿಟ್ಟ ಪಂಪು ನೀರನ್ನು ಎಳೆಯುವುದಿಲ್ಲ. ಹೊರಗಿನ ಗಾಳಿ ನೀರನ್ನು ಕೊಳವೆಯೊಳಗೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಈ ತಳ್ಳುವಿಕೆ 10.3 ಮೀಟರ್ ನೀರಿನ ಕಂಬಕ್ಕೆ ಸಮ. ತಾಹೋದಲ್ಲಿ ಸುಮಾರು 8.2 ಮಾತ್ರ. ಎರಡು ಮೀಟರ್ ಬಂಡವಾಳ ಮೊದಲೇ ಕರಗಿದೆ. ಇಂಪೆಲ್ಲರಿನ ಅಲಗುಗಳ ಹಿಂಬದಿಯಲ್ಲಿ ಒತ್ತಡ ಬಹಳ ತಗ್ಗಿದಾಗ ತಣ್ಣೀರೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಗುಳ್ಳೆಗಳು ಒಡೆಯುವಾಗ ಜಲ್ಲಿಯ ಸದ್ದು. ಇದನ್ನು ಕ್ಯಾವಿಟೇಶನ್ ಎನ್ನುತ್ತಾರೆ. ದೋಣಿ ಓಡುತ್ತಿರುವಾಗ ಎದುರಿನ ನೀರು ತಾನಾಗಿ ಕಿಂಡಿಗೆ ನುಗ್ಗುವುದರಿಂದ ಇದು ಅಷ್ಟಾಗಿ ಬಾಧಿಸದು. ನಿಂತಲ್ಲಿಂದ ಹೊರಡುವಾಗ, ಅಂದರೆ ದಿಬ್ಬ ಹತ್ತಬೇಕಾದ ಹೊತ್ತಿನಲ್ಲಿಯೇ, ಕೈಕೊಡುತ್ತದೆ. ಬೆಟ್ಟದ ಸರೋವರದ ನೀರು ತಣ್ಣಗಿರುವುದು ಅಲ್ಪ ಸಹಾಯ. ದೊಡ್ಡ ಸಹಾಯವೆಂದರೆ ಪಂಪನ್ನು ಚೊಕ್ಕವಾಗಿಡುವುದು. ಇಂಪೆಲ್ಲರಿನ ಸುತ್ತ ಸವೆತದ ಉಂಗುರವೊಂದಿರುತ್ತದೆ. ಅದು ಮತ್ತು ಇಂಪೆಲ್ಲರಿನ ನಡುವಿನ ಸಂದು ಕೂದಲೆಳೆಯಷ್ಟಿರಬೇಕು. ಸಂದು ಅಗಲವಾದರೆ ಒತ್ತಿದ ನೀರು ಹಿಂದಕ್ಕೇ ಸೋರುತ್ತದೆ. ಕಾಲುವೆಗಳ ಮರಳು ಹೀರಿ ಹೀರಿ ಇವನ ದೋಣಿಯ ಉಂಗುರ ಸವೆದು ಗೀರುಬಿದ್ದಿತ್ತು. ಅಲಗುಗಳ ಅಂಚು ಮೊಂಡಾಗಿತ್ತು. ಊರಿನಲ್ಲಿ 300 ಅಶ್ವಶಕ್ತಿಯ ಅಬ್ಬರದಲ್ಲಿ ಮುಚ್ಚಿಹೋಗಿದ್ದ ಈ ಹುಳುಕನ್ನು ತಾಹೋ ಹೊರಗೆಳೆದಿತ್ತು. ಪಂಪು ಬಿಚ್ಚುವ ಮುನ್ನ ದೊಡ್ಡ ಎಂಜಿನ್ ಎಂದವರ ಮಾತು ನನಗೆ ಸರಿಯೆನಿಸಲಿಲ್ಲ. ನಾಡಿ ನೋಡದೆ ಔಷಧ ಬರೆದ ಹಾಗೆ.

ಉಸಿರಿನ ಕೊರತೆಗೆ ಬಂದರೆ, ಮೊದಲು ಕಾರ್ಬ್ಯುರೇಟರ್. ಗಾಳಿ ತೆಳುವಾದಾಗ ಹಳೆಯ ಕಾರ್ಬ್ಯುರೇಟರಿಗೆ ಅದು ಪೂರ್ತಿ ತಿಳಿಯುವುದಿಲ್ಲ. ಗಾಳಿಯ ತೂಕ ಶೇ. 20 ಇಳಿದರೂ ಪೆಟ್ರೋಲನ್ನು ಶೇ. 10ರಷ್ಟು ಮಾತ್ರ ಇಳಿಸುತ್ತದೆ. ಮಿಶ್ರಣ ಗಟ್ಟಿಯಾಗಿ ಕಪ್ಪುಹೊಗೆ, ಮಸಿ, ಮಂಕು. ಒಳಗಿರುವ ಸಣ್ಣ ರಂಧ್ರದ ಹಿತ್ತಾಳೆಯ ತಿರುಪಿಗೂ ಜೆಟ್ ಎಂದೇ ಹೆಸರು! ನಮ್ಮ ಸಂಭಾಷಣೆಯಲ್ಲಿ ಹತ್ತು ನಿಮಿಷ ಈ ಎರಡು ಜೆಟ್‌ಗಳ ಗೊಂದಲದಲ್ಲಿಯೇ ಹೋಯಿತು. ಸುಮಾರು 600 ಮೀಟರ್ ಏರಿಗೆ ಒಂದು ಅಳತೆ ಕಿರಿದಾದ ತಿರುಪು ಎಂಬುದು ಅಲ್ಲಿನವರ ರೂಢಿ. ತಾಹೋಕ್ಕೆ ಮೂರು ಅಳತೆ. ತೆಳುಗಾಳಿಯ ಮಿಶ್ರಣ ನಿಧಾನವಾಗಿ ಉರಿಯುವುದರಿಂದ ಕಿಡಿಯನ್ನೂ ಒಂದೆರಡು ಡಿಗ್ರಿ ಮುಂಚಿತಗೊಳಿಸಬಹುದು. ಈಗಿನ ಕಂಪ್ಯೂಟರ್ ನಿಯಂತ್ರಿತ ಎಂಜಿನ್ನುಗಳು ಇವನ್ನೆಲ್ಲ ತಾವೇ ಸರಿಪಡಿಸಿಕೊಳ್ಳುತ್ತವೆ. ಆದರೆ ಅವೂ ಇಲ್ಲದ ಗಾಳಿಯನ್ನು ಸೃಷ್ಟಿಸಲಾರವು.

ಗಾಳಿಯನ್ನು ಬಲವಂತವಾಗಿ ತುರುಕುವ ಮಾರ್ಗವೊಂದಿದೆ. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ಲಿಬರ್ಟಿ ಎಂಬ ವಿಮಾನದ ಎಂಜಿನನ್ನು ಕೊಲೊರಾಡೊದ ಪೈಕ್ಸ್ ಶಿಖರಕ್ಕೆ, ಸುಮಾರು 4,300 ಮೀಟರ್ ಎತ್ತರಕ್ಕೆ, ಹೊತ್ತೊಯ್ದು ಪರೀಕ್ಷಿಸಿದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಕುಸಿಯಿತು. ಹೊರಬರುವ ಬಿಸಿಹೊಗೆಯಿಂದಲೇ ತಿರುಗುವ ಟರ್ಬೋ ಜೋಡಿಸಿದಾಗ 356 ಕೊಟ್ಟಿತು. ಬೆಟ್ಟವನ್ನು ಬಯಲು ಮಾಡಿದ ಆ ಪ್ರಯೋಗ ಓದಿದಾಗಲೆಲ್ಲ ನನಗೆ ರೋಮಾಂಚನ. ನಿತ್ಯವೂ ಎತ್ತರದಲ್ಲಿಯೇ ಓಡುವ ದೋಣಿಗೆ ಇದು ಉತ್ತಮ ಉಪಾಯ. ಆದರೆ ವರ್ಷದಲ್ಲಿ ಹನ್ನೊಂದು ತಿಂಗಳು ಸಮುದ್ರಮಟ್ಟದಲ್ಲಿರುವ ಐವತ್ತು ವರ್ಷದ ಮುದಿ ಎಂಜಿನ್ನಿಗೆ ಟರ್ಬೋ ಕಟ್ಟುವುದೆಂದರೆ ಅಜ್ಜನಿಗೆ ಓಟದ ಬೂಟು ತೊಡಿಸಿದಂತೆ.

ಉಳಿದದ್ದು ಇಂಪೆಲ್ಲರ್. ನನಗೆ ಅತ್ಯಂತ ಪ್ರಿಯವಾದ ಪರಿಹಾರ ಇದು. ಸಾಮಾನ್ಯ ಪಂಖದ ದೋಣಿಯವರು ಬೆಟ್ಟದ ಸರೋವರಕ್ಕೆ ಹೋದಾಗ ಕಡಿಮೆ ಓರೆಯ ಪಂಖವನ್ನು ದಡದಲ್ಲಿಯೇ ಹಾಕಿಕೊಂಡುಬಿಡುತ್ತಾರೆ. ಜೆಟ್ ದೋಣಿಯಲ್ಲಿ ಪಂಪು ಬಿಚ್ಚಬೇಕು, ತತ್ತ್ವ ಒಂದೇ. ಬರ್ಕ್ಲಿಯಂಥ ಹಳೆಯ ಪಂಪುಗಳ ಇಂಪೆಲ್ಲರುಗಳಿಗೆ ಎ, ಬಿ, ಸಿ ಎಂದು ಅಳತೆಯ ಅಕ್ಷರಗಳಿವೆ. ಎ ದೊಡ್ಡದು, ಹೆಚ್ಚು ಬಲ ಬೇಡುತ್ತದೆ, ಬಿ ಕಿರಿದು. ಕಿರಿದನ್ನು ಹಾಕಿದರೆ ಎಂಜಿನ್ ಹಗುರಾಗಿ ಮತ್ತೆ 4,500ಕ್ಕೆ ಏರಿ, 215ರ ಬದಲು ತನ್ನ ಪೂರ್ತಿ 240ನ್ನು ಕೊಡುತ್ತದೆ. ನೂಕುಬಲ ಊರಿನದರ ಶೇ. 80 ಇದ್ದದ್ದು ಸುಮಾರು 86 ಆಗುತ್ತದೆ. ಗಾಳಿ ಕಸಿದದ್ದು ಮರಳಿ ಬರದು, ಸುತ್ತಿನ ಇಳಿತ ಕಸಿದದ್ದು ಬರುತ್ತದೆ. ಏಳು ಕಿಲೋ ಹೊರಲಾಗದೆ ಕುಸಿಯುವ ಹುಡುಗನ ಕೈಗೆ ಐದು ಕಿಲೋ ಕೊಟ್ಟು ನೋಡಿ, ಓಡುತ್ತಾನೆ.

"ಇನ್ನುಳಿದ ಹದಿನಾಲ್ಕಕ್ಕೆ ಏನು ಮಾಡಲಿ ಸಾರ್?" ಎಂದ. ಕಾಗದದ ಮೇಲೆ ತೂಕ ಬರೆ ಎಂದೆ. ದೋಣಿ, ಎಂಜಿನ್, ಏಳು ಜನ, ಪೆಟ್ರೋಲು, ಬುತ್ತಿ, ಎಲ್ಲ ಸೇರಿ ಸುಮಾರು 1,800 ಕಿಲೋ. ಅದರ ಶೇ. 14 ಎಂದರೆ 250 ಕಿಲೋ. ಮೂವರನ್ನು ದಡದಲ್ಲಿ ಬಿಟ್ಟರೆ 195. ಪೆಟ್ರೋಲು 60 ಲೀಟರ್ ಕಡಿಮೆ ತುಂಬಿದರೆ 45. ತಿಂಡಿಯ ಪೆಟ್ಟಿಗೆ ಹತ್ತು. ಲೆಕ್ಕ ಚುಕ್ತಾ! ದೂರವಾಣಿಯ ಆ ತುದಿಯಲ್ಲಿ ಸ್ವಲ್ಪ ಹೊತ್ತು ಮೌನ. ಅನಂತರ ನಗು. ಇದಕ್ಕೆ ಒಂದು ಡಾಲರೂ ಖರ್ಚಿಲ್ಲ ಎಂದು ಸೊಸೆಯ ಧ್ವನಿ ಹಿಂದಿನಿಂದ ಕೇಳಿಸಿತು.

ಆಗಸ್ಟ್ ತಿಂಗಳಲ್ಲಿ ಅವರು ಮತ್ತೆ ಹೋದರು. ಹೊಸ ಉಂಗುರ, ಚೂಪುಗೊಳಿಸಿದ ಬಿ ಇಂಪೆಲ್ಲರ್, ಮೂರು ಅಳತೆ ಕಿರಿದಾದ ತಿರುಪುಗಳು, ನಾಲ್ಕು ಜನ. ಹೊರಡುವಾಗ ಇಬ್ಬರು ಮುಂದಕ್ಕೆ ಬಾಗಿ ಕುಳಿತರು. ಮೂತಿಯ ಕಡೆ ತೂಕ ಬಿದ್ದರೆ ದಿಬ್ಬ ತಗ್ಗುತ್ತದೆ. ಪೂರ್ತಿ ಬಲವನ್ನು ಒಮ್ಮೆಲೇ ಕೊಡದೆ ಮೆಲ್ಲಗೆ ಏರಿಸಿದ್ದರಿಂದ ಜಲ್ಲಿಯ ಸದ್ದು ಬರಲಿಲ್ಲ. ಮಾಪಕ 4,400. ಎಂಟೊಂಬತ್ತು ಸೆಕೆಂಡಿನಲ್ಲಿ ದೋಣಿ ಮೇಲೇರಿತು. ಬೆಳಗ್ಗೆ ಏಳಕ್ಕೆ ಹೊರಟು, ಹನ್ನೊಂದರೊಳಗೆ, ಗಾಳಿ ಏಳುವ ಮುನ್ನ, ದಡ ಸೇರಿದ್ದರು. ಅವನ ತಂದೆ ಕೊಲ್ಲಿಯನ್ನೂ ಅದರ ನಡುವಿನ ಪುಟ್ಟ ನಡುಗಡ್ಡೆಯನ್ನೂ ಕಂಡು, ನೀರು ಇಷ್ಟು ನೀಲಿಯಿರುವುದು ಸಾಧ್ಯವೆಂದು ಚಿತ್ರಪಟದಲ್ಲಿ ನಂಬಿರಲಿಲ್ಲ ಎಂದು ನನಗೆ ಬರೆದರು. ತಾಯಿ ದಡದಲ್ಲಿ ಉಳಿದು ಅಡುಗೆ ಮಾಡಿದರಂತೆ. ಅಲ್ಲಿ ನೀರು ಕುದಿಯುವುದು ಸುಮಾರು 94 ಡಿಗ್ರಿಗೇ; ಅನ್ನ ಬೇಯಲು ಇಷ್ಟು ಹೊತ್ತೇಕೆ ಎಂದು ಆಕೆ ಕೇಳಿದ ಪ್ರಶ್ನೆಗೂ ಉತ್ತರ ಅದೇ 60.

ಈ ಪ್ರಸಂಗವನ್ನು ಈಗ ಬರೆಯಲು ಕಾರಣವಿದೆ. 2025ರ ಜೂನ್ 21ರಂದು ಅದೇ ಸರೋವರದ ನೈಋತ್ಯ ದಡದ ಬಳಿ ಹಠಾತ್ ಬಿರುಗಾಳಿಗೆ ಸಿಕ್ಕಿ, ಹತ್ತು ಜನರಿದ್ದ ದೋಣಿಯೊಂದು ಮಗುಚಿ ಎಂಟು ಮಂದಿ ಅಸುನೀಗಿದರು. ಆ ದುರಂತಕ್ಕೂ ನಾನು ಬರೆದ ಲೆಕ್ಕಗಳಿಗೂ ಸಂಬಂಧ ಕಲ್ಪಿಸುತ್ತಿಲ್ಲ. ಸುದ್ದಿ ಓದಿದಾಗ ಹಿಂಬದಿಯ ಅಂಚಿನಿಂದ ಒಳನುಗ್ಗಿದ ಆ ಎರಡು ಅಲೆಗಳ ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟೇ.

ಎತ್ತರ ಯಂತ್ರವನ್ನು ಮಾತ್ರ ಕಾಡುವುದಿಲ್ಲ. 1977ರಲ್ಲಿ ಎಡ್ಮಂಡ್ ಹಿಲರಿ ಗಂಗಾಸಾಗರದಿಂದ ಮೂರು ಜೆಟ್ ದೋಣಿಗಳಲ್ಲಿ ಗಂಗೆಯನ್ನು ಎದುರೇರಿ ಹೊರಟಿದ್ದನ್ನು ಹಿರಿಯರು ಬಲ್ಲಿರಿ. ದೋಣಿಗಳ ಹೆಸರು ಗಂಗಾ, ಕಿವಿ ಮತ್ತು ಏರ್ ಇಂಡಿಯಾ. ಹ್ಯಾಮಿಲ್ಟನ್ನನ ಮಗ ಜಾನ್ ಕೂಡ ಚಾಲಕರಲ್ಲೊಬ್ಬ. ನಂದಪ್ರಯಾಗದ ಬಳಿ ಜಲಪಾತ ಅಡ್ಡವಾಗುವವರೆಗೂ ದೋಣಿಗಳು ಏರಿದವು. ಅಲ್ಲಿಯ ಎತ್ತರ ತಾಹೋದ ಅರ್ಧದಷ್ಟೂ ಇಲ್ಲವಾದ್ದರಿಂದ ಎಂಜಿನ್ನುಗಳಿಗೆ ಉಸಿರಿನ ಚಿಂತೆ ಅಷ್ಟಾಗಿರಲಿಲ್ಲ. ಮುಂದೆ ಬದರಿಯ ಮೇಲಿನ ಪರ್ವತದಲ್ಲಿ ಉಸಿರಿನ ಕೊರತೆಯಿಂದ ಕಾಯಿಲೆ ಬಿದ್ದು ಹೆಲಿಕಾಪ್ಟರಿನಲ್ಲಿ ಕೆಳಗಿಳಿಯಬೇಕಾದವನು ಸ್ವತಃ ಹಿಲರಿ, ಎವರೆಸ್ಟ್ ಏರಿದ ಹಿಲರಿ! ನಮ್ಮ ಲಡಾಖಿನ ಪಾಂಗಾಂಗ್ ಸರೋವರ 4,200 ಮೀಟರಿಗೂ ಮೇಲಿದೆ. ಅಲ್ಲಿ ಪಾದರಸ 45ರ ಆಸುಪಾಸು. ನಮ್ಮ ಸೈನಿಕರು ಅಲ್ಲಿ ದೋಣಿಗಳಲ್ಲಿ ಕಾವಲು ತಿರುಗುತ್ತಾರೆ. 76ಕ್ಕೆ 45 ಎಷ್ಟು ಪಾಲೆಂದು ಮೊಮ್ಮಕ್ಕಳಿಂದ ಲೆಕ್ಕ ಹಾಕಿಸಿ.

ಬೆಟ್ಟದಿಂದ ಇಳಿಯುವವರಿಗೆ ಎರಡು ಸೂಚನೆಗಳು. ಕಿರಿದಾದ ತಿರುಪುಗಳನ್ನು ಹಾಗೆಯೇ ಬಿಟ್ಟು ಕೆಳಗೆ ಓಡಿಸಕೂಡದು. ದಟ್ಟಗಾಳಿಗೆ ಪೆಟ್ರೋಲು ಸಾಲದೆ ಮಿಶ್ರಣ ತೆಳುವಾಗಿ, ಎಂಜಿನ್ ಬಡಿದುಕೊಂಡು ಪಿಸ್ಟನ್ನಿನ ತಲೆ ಸುಟ್ಟೀತು. ಮುಂಚಿತಗೊಳಿಸಿದ ಕಿಡಿಯನ್ನೂ ಹಿಂದಕ್ಕೆ ತರಬೇಕು. ಇನ್ನೊಂದು, ಮತ್ತೆ ಮೇಲೇರುವಾಗಿನದು. 2024ರ ಅಕ್ಟೋಬರಿನಲ್ಲಿ ಸ್ಟಾಕ್ಟನ್ ಬಂದರಿನಲ್ಲಿ ಹೊನ್ನಿನ ಬಣ್ಣದ ಪುಟ್ಟ ಪರದೇಶಿ ಚಿಪ್ಪುಜೀವಿ ಪತ್ತೆಯಾದ ಮೇಲೆ ತಾಹೋದಲ್ಲಿ ಹೊರಗಿನ ದೋಣಿಗಳ ತಪಾಸಣೆ ಇನ್ನಷ್ಟು ಬಿಗಿಯಾಗಿದೆ. ಜೆಟ್ ದೋಣಿಯ ಪಂಪಿನ ಹೊಟ್ಟೆಯಲ್ಲಿ ಒಂದೆರಡು ಲೋಟ ನೀರು ಸದಾ ಉಳಿದುಬಿಡುತ್ತದೆ. ಅದನ್ನು ಪೂರ್ತಿ ಬಸಿದು ಒಣಗಿಸಿ, ಬಿಸಿನೀರಿನಲ್ಲಿ ತೊಳೆಸಿಕೊಂಡ ಮೇಲೆಯೇ ನಮ್ಮವನಿಗೆ ಈಗ ಸರೋವರಕ್ಕಿಳಿಯಲು ಅಪ್ಪಣೆ.